ಕಾಂಪೌಂಡ್ ಬಿಲ್ಲಿನ ಕೇಬಲ್: ಯೋಕ್ ಇರಬೇಕಾ, ಬೈನರಿನಾ, ಶೂಟ್-ಥ್ರೂನಾ?

ದಾವಣಗೆರೆ_60ಪೌಂಡ್

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಕಾಂಪೌಂಡ್, ಅಂದರೆ ತುದಿಗಳಲ್ಲಿ ಕ್ಯಾಮ್ ಅನ್ನುವ ಚಕ್ರ ಇರುವ ಬಿಲ್ಲು, ಹೊಡೆಯುತ್ತಿದ್ದೇನೆ. ನನ್ನದು ಹೈಬ್ರಿಡ್ ಕ್ಯಾಮ್ ಬಿಲ್ಲು. ಹೆದೆ ಬಿಟ್ಟು ಎರಡು ಕೇಬಲ್ ಇವೆ. ಅದರಲ್ಲಿ ಒಂದು ಮೇಲ್ತುದಿಯಲ್ಲಿ ಎರಡು ಕವಲಾಗಿ ಒಡೆದು ಆ್ಯಕ್ಸಲ್‌ನ (ಕ್ಯಾಮ್ ತಿರುಗುವ ಕಡ್ಡಿಯ) ಎರಡೂ ಪಕ್ಕಕ್ಕೆ ಕೂತಿದೆ. ಅದೇ ಯೋಕ್.

ಮೊನ್ನೆ ಮೇಣ ಹಚ್ಚುವಾಗ ನೋಡಿದೆ. ಕೇಬಲ್‌ಗಳನ್ನು ಪಕ್ಕಕ್ಕೆ ಎಳೆದಿಡುವ ಗಾರ್ಡ್‌ನ ರೋಲರ್ ತಾಗುವ ಜಾಗದಲ್ಲಿ ಸರ್ವಿಂಗ್ (ಕೇಬಲ್ ಮೇಲೆ ಸುತ್ತಿದ ಕಾಪಿನ ದಾರ) ಬಿಟ್ಟುಕೊಂಡಿದೆ. ಒಳಗೆ ಎರಡು ಎಳೆ ತುಂಡಾಗಿವೆ. ಇದು ಸಾಲದು ಅಂತ ಇನ್ನೊಂದು ತಲೆನೋವು. ರೆಕ್ಕೆ ಇಲ್ಲದ ಬಾಣವನ್ನು 20 ಮೀಟರ್‌ನಿಂದ ಹೊಡೆದರೆ ಬಾಲ ಎಡಕ್ಕೆ ವಾಲಿ ನಿಲ್ಲುತ್ತದೆ. ಪೇಪರ್ ಕಟ್ಟಿ ಅದರ ಮೂಲಕ ಹೊಡೆದರೂ ಪೇಪರ್ ಬಾಲದ ಕಡೆ ಎಡಕ್ಕೇ ಹರಿಯುತ್ತದೆ. ರೆಸ್ಟ್ (ಬಾಣ ಕೂರುವ ಆಸರೆ) ಅಲುಗಾಡಿಸಿ ಅಲುಗಾಡಿಸಿ ಸಾಕಾಗಿದೆ.

ಗೆಳೆಯ ಹೇಳುತ್ತಾನೆ, "ಯೋಕ್ ಇರೋ ಬಿಲ್ಲಿನ ಹಣೆಬರಹವೇ ಇಷ್ಟು, ಮಾರಿ ಬೈನರಿ ತಗೋ." ಇನ್ನೊಬ್ಬರು ಸೆಕೆಂಡ್ ಹ್ಯಾಂಡ್ ಶೂಟ್-ಥ್ರೂ ಬಿಲ್ಲು ಕೊಡುತ್ತೇನೆ ಅಂತಿದ್ದಾರೆ. ಅದರಲ್ಲಿ ಕೇಬಲ್ ಗಾರ್ಡೇ ಇಲ್ಲವಂತೆ. ಬಾಣ ಕೇಬಲ್‌ಗಳ ನಡುವೆ ಹೋಗುತ್ತದಂತೆ. ನನಗೆ ಗೊತ್ತಿರುವವರಲ್ಲಿ ಇಲ್ಲಿ ಬೋ ಪ್ರೆಸ್ (ಕೇಬಲ್ ಬಿಚ್ಚಲು ಬಿಲ್ಲನ್ನು ಒತ್ತಿ ಹಿಡಿಯುವ ಯಂತ್ರ) ಇಟ್ಟವರು ಯಾರೂ ಇಲ್ಲ. ಬೆಂಗಳೂರು ಸುಮಾರು 260 ಕಿಲೋಮೀಟರ್. ಯಾವ ಕೇಬಲ್ ವ್ಯವಸ್ಥೆ ವಾಸಿ ಅಂತ ಅನುಭವ ಇದ್ದವರು ಹೇಳಿ.

ಪ್ರೆಸ್_ಅಣ್ಣ

ಮೊದಲು ಒಂದು ಮಾತು. ಎರಡು ಎಳೆ ತುಂಡಾಗಿದ್ದರೆ ಇವತ್ತಿನಿಂದ ಆ ಬಿಲ್ಲು ಎಳೆಯಬೇಡಿ. "ಇನ್ನೊಂದು ಆರು ಬಾಣ" ಅಂತಲೂ ಬೇಡ. ಫುಲ್ ಡ್ರಾನಲ್ಲಿ, ಅಂದರೆ ಪೂರ್ತಿ ಎಳೆದಾಗ, ಹೆದೆಯ ಭಾರ ಕಡಿಮೆಯಾಗಿ ಕೇಬಲ್ ಮೇಲೆ ಜಾಸ್ತಿ ಬಿದ್ದಿರುತ್ತದೆ. ಆಗ ಹರಿದರೆ ಕ್ಯಾಮು, ಲಿಂಬು (ಬಿಲ್ಲಿನ ಬಾಗುವ ತೋಳು), ನಿಮ್ಮ ಮುಖ, ಯಾವುದಕ್ಕೂ ಗ್ಯಾರಂಟಿ ಇಲ್ಲ.

ಇನ್ನು ಯೋಕ್ ವಿಷಯ. ಯೋಕ್ ಅಂದರೆ ನೊಗ. ಇಂಗ್ಲಿಷ್‌ನವರು ಸರಿಯಾಗೇ ಹೆಸರಿಟ್ಟಿದ್ದಾರೆ. ಎರಡು ಎತ್ತಿನಲ್ಲಿ ಒಂದು ಜಾಸ್ತಿ ಎಳೆದರೆ ಗಾಡಿ ಓರೆಯಾಗುತ್ತದೆ ಅಲ್ವಾ? ಇಲ್ಲೂ ಹಾಗೇ. ಎಡ ಕವಲಿಗೆ ತಿರುಚು ಜಾಸ್ತಿ ಹಾಕಿದರೆ ಅದು ಗಿಡ್ಡವಾಗಿ ಆ್ಯಕ್ಸಲ್‌ನ ಎಡತುದಿಯನ್ನು ಜಾಸ್ತಿ ಎಳೆಯುತ್ತದೆ. ಕ್ಯಾಮ್ ಓರೆಯಾಗುತ್ತದೆ. ನಿಮ್ಮ ಗೆಳೆಯ ಅದನ್ನು ಖಾಯಿಲೆ ಅನ್ನುತ್ತಿದ್ದಾನೆ. ನಾನು ಅದನ್ನು ಔಷಧಿ ಅನ್ನುತ್ತೇನೆ. ಬಾಲ ಎಡಕ್ಕೆ ಹರಿದರೆ ಎಡ ಕವಲಿಗೆ ಒಂದು ಸುತ್ತು ಸೇರಿಸಿ, ಬಲದಿಂದ ಒಂದು ಸುತ್ತು ಬಿಚ್ಚಿ ಮತ್ತೆ ಪೇಪರ್‌ಗೆ ಹೊಡೆಯಿರಿ. ಬಲಕ್ಕೆ ಹರಿದರೆ ಉಲ್ಟಾ. ಒಂದು ಕಡೆ ಸೇರಿಸಿದಷ್ಟೇ ಇನ್ನೊಂದು ಕಡೆ ಬಿಚ್ಚಿದರೆ ಕೇಬಲ್‌ನ ಒಟ್ಟು ಉದ್ದ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಕ್ಯಾಮ್ ಟೈಮಿಂಗ್, ಅಂದರೆ ಎರಡು ಕ್ಯಾಮ್ ಜೊತೆಯಾಗಿ ತಿರುಗುವುದು, ಕೆಡುವುದಿಲ್ಲ.

ಪ್ರೆಸ್ ಇಲ್ಲದೆ ಮಾತ್ರ ಇದನ್ನು ಮಾಡಬೇಡಿ. ಯೂಟ್ಯೂಬ್‌ನಲ್ಲಿ ಹಗ್ಗ ಕಟ್ಟಿ, ಕಾಲಿನಿಂದ ಒತ್ತಿ ಮಾಡುವವರಿದ್ದಾರೆ. ನೋಡಿ ನಗಿ, ಅಷ್ಟೇ.

ಮಿಶಿಗನ್_ಮಲ್ನಾಡಿಗ

ಪ್ರೆಸ್ ಅಣ್ಣನಿಗೆ ಮನೆಯಲ್ಲೇ ಪ್ರೆಸ್ ಇದೆ, ಅದಕ್ಕೆ ಯೋಕ್ ಔಷಧಿ. ಪ್ರೆಸ್ ಇಲ್ಲದವನಿಗೆ?

ನಾನು ಇಲ್ಲಿ ಹನ್ನೊಂದು ವರ್ಷದಿಂದ ಬಿಲ್ಲು ಹಿಡಿದಿದ್ದೇನೆ. ನಮ್ಮ ರಾಜ್ಯದಲ್ಲಿ ಜಿಂಕೆಯ ಬಿಲ್ಲು ಸೀಸನ್ ಅಕ್ಟೋಬರ್ 1ಕ್ಕೆ ಶುರು. (ಊರಲ್ಲಿರುವವರು ಬೈಯಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಗೊತ್ತು. ಇಲ್ಲಿ ಲೈಸೆನ್ಸ್ ತಗೊಂಡು ಮಾಡುತ್ತಾರೆ.) ಮಳೆ, ಕೆಸರು, ಕೆಲವೊಮ್ಮೆ ಹಿಮ. ಮರದ ಮೇಲೆ ಹತ್ತಿಸುವಾಗ ಬಿಲ್ಲು ಹಗ್ಗದಲ್ಲಿ ನೇತಾಡಿ ಕೊಂಬೆಗೆ ಹೊಡೆದುಕೊಳ್ಳುತ್ತದೆ. ಅಲ್ಲಿ ಯೋಕ್ ಕವಲಿಗೆ ಒಂದು ಸುತ್ತು ಹೆಚ್ಚೋ ಕಮ್ಮಿಯೋ ಅಂತ ಯಾರು ನೋಡುತ್ತಾರೆ?

ಬೈನರಿಯಲ್ಲಿ ಕೇಬಲ್ ಲಿಂಬಿಗೆ ಕಟ್ಟಿರುವುದಿಲ್ಲ. ಮೇಲಿನ ಕ್ಯಾಮ್‌ನಿಂದ ಕೆಳಗಿನ ಕ್ಯಾಮ್‌ಗೆ, ಕೆಳಗಿನದರಿಂದ ಮೇಲಿನದಕ್ಕೆ, ಎರಡೂ ಒಂದಕ್ಕೊಂದು ಗಂಟು ಹಾಕಿದ ಹಾಗೆ. ಒಂದು ಕ್ಯಾಮ್ ಕೇಬಲ್ ಸುತ್ತಿಕೊಂಡರೆ ಇನ್ನೊಂದು ಬಿಟ್ಟುಕೊಡಲೇಬೇಕು. ಹಾಗಾಗಿ ಎರಡೂ ಜೊತೆಯಲ್ಲೇ ತಿರುಗುತ್ತವೆ. ಬೋಟೆಕ್ ಕಂಪನಿ 2005ರಲ್ಲಿ ಇದನ್ನು ತಂದಾಗ ಇಲ್ಲಿ ದೊಡ್ಡ ಸದ್ದು. ಅದಕ್ಕೆ ಮುಂಚಿನ ಟ್ವಿನ್ ಕ್ಯಾಮ್ ಬಿಲ್ಲುಗಳಲ್ಲಿ ಒಂದು ಕೇಬಲ್ ಸ್ವಲ್ಪ ಜಗ್ಗಿದರೆ ಆ ಕ್ಯಾಮ್ ಮುಂದೆ, ಈ ಕ್ಯಾಮ್ ಹಿಂದೆ. ಬಾಣ ಮೇಲೆ ಕೆಳಗೆ ಹಾರುತ್ತಿತ್ತು.

ನನ್ನದು ಬೈನರಿ. ಐದು ಸೀಸನ್ ಆಯಿತು. ಕೇಬಲ್ ಒಂದು ಸಲ ಬದಲಿಸಿದ್ದೇನೆ. ಟೈಮಿಂಗ್ ಮುಟ್ಟಿಯೇ ಇಲ್ಲ.

ಪ್ರೆಸ್_ಅಣ್ಣ

ಮಿಶಿಗನ್ ಸಾಹೇಬರೇ, ನಿಮ್ಮ ಕ್ಯಾಮ್ ಓರೆಯಾದರೆ ಏನು ಮಾಡುತ್ತೀರಿ?

ಮಿಶಿಗನ್_ಮಲ್ನಾಡಿಗ

ಅಂಗಡಿಗೆ ಕೊಡುತ್ತೇನೆ. 😄

ಪ್ರೆಸ್_ಅಣ್ಣ

ಅಲ್ಲಿಗೆ ಬಂದಿರಿ ನೋಡಿ. ಯೋಕ್ ಇಲ್ಲದ ಬೈನರಿಯಲ್ಲಿ ಕ್ಯಾಮನ್ನು ಓರೆ ಮಾಡಲು ಕೈಗೆ ಸಿಗುವ ದಾರವೇ ಇಲ್ಲ. ಬಿಲ್ಲನ್ನು ಪ್ರೆಸ್‌ಗೆ ಹಾಕಬೇಕು, ಆ್ಯಕ್ಸಲ್ ಕ್ಲಿಪ್ ತೆಗೆಯಬೇಕು, ಆ್ಯಕ್ಸಲ್ ಎಳೆಯಬೇಕು, ಕ್ಯಾಮ್‌ನ ಆಚೀಚೆ ಇರುವ ಶಿಮ್ (ತೆಳು ಉಂಗುರ) ಬದಲಿಸಿ ಇಡೀ ಕ್ಯಾಮನ್ನು ಒಂದು ಕೂದಲೆಳೆ ಪಕ್ಕಕ್ಕೆ ಸರಿಸಬೇಕು. ಮತ್ತೆ ಜೋಡಿಸಿ ಹೊಡೆದು ನೋಡಬೇಕು. ಸರಿ ಬರಲಿಲ್ಲ ಅಂದರೆ ಮತ್ತೆ ಅದೇ. ಬೇಕಾದ ದಪ್ಪದ ಶಿಮ್ ಕೈಯಲ್ಲಿ ಇರಬೇಕು. ಅಮೆರಿಕದಲ್ಲಿ ಅಂಗಡಿಯವನ ಡ್ರಾಯರ್‌ನಲ್ಲಿ ಸಿಗುತ್ತದೆ. ಇಲ್ಲಿ ತರಿಸಿಕೊಳ್ಳಲು ವಾರಗಟ್ಟಲೆ ಕಾಯಬೇಕು. ಒಂದು ಸಲ ನನ್ನ ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ಕೂತಿತ್ತು. ಐದು ಗ್ರಾಂ ಇರಬಹುದಾದ ಉಂಗುರಕ್ಕೆ ಅವರಿಗೆ ಎರಡು ಪುಟ ವಿವರಣೆ ಬರೆದುಕೊಟ್ಟೆ.

ಟೈಮಿಂಗ್ ಮುಟ್ಟಬೇಕಿಲ್ಲ ಅನ್ನುವುದೂ ಅರ್ಧ ಸತ್ಯ. ಬೈನರಿಯ ಎರಡು ಕೇಬಲ್‌ಗಳಲ್ಲಿ ಒಂದು ಜಾಸ್ತಿ ಜಗ್ಗಿದರೆ ಅಲ್ಲೂ ಕ್ಯಾಮ್‌ಗಳ ನಡುವೆ ವ್ಯತ್ಯಾಸ ಬರುತ್ತದೆ. ನಿಮ್ಮ ಡ್ರಾ ಸ್ಟಾಪ್ (ಎಳೆತ ನಿಲ್ಲಿಸುವ ತಡೆ) ಎರಡೂ ಒಟ್ಟಿಗೆ ತಾಗುತ್ತವಾ ಅಂತ ಯಾವತ್ತಾದರೂ ಯಾರಾದರೂ ಪಕ್ಕದಲ್ಲಿ ನಿಂತು ನೋಡಿದ್ದಾರಾ?

ಮಿಶಿಗನ್_ಮಲ್ನಾಡಿಗ

ಇಲ್ಲ. ಜಿಂಕೆ ನೋಡಿರಬಹುದು.

ಆದರೆ ಒಂದು ಸೇರಿಸುತ್ತೇನೆ. ಎಲ್ಲ ಬೈನರಿಯೂ ಹಾಗಲ್ಲ. ಬೋಟೆಕ್‌ನವರೇ ಆಮೇಲೆ ಬೈನರಿ ಕ್ಯಾಮ್‌ಗೆ ಯೋಕ್ ಸೇರಿಸಿ ಬಿಲ್ಲು ಮಾಡಿದರು. ಆಮೇಲೆ ಡೆಡ್‌ಲಾಕ್ ಅಂತ ಬಂತು. ಅದರಲ್ಲಿ ಅಲೆನ್ ಕೀ ತಿರುಗಿಸಿದರೆ ಕ್ಯಾಮ್ ಆ್ಯಕ್ಸಲ್ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಪ್ರೆಸ್ ಬೇಡ. ದಾವಣಗೆರೆಯವರಿಗೆ ಅದು ಹೊಂದಬಹುದು. ಬೆಲೆ ಮಾತ್ರ ಕೇಳಬೇಡಿ.

ದಾವಣಗೆರೆ_60ಪೌಂಡ್

ಕೇಳಿದೆ. ಬೈಕ್ ಮಾರಬೇಕಾಗುತ್ತದೆ.

ಹಳೇ_ಉಕ್ಕು

ಇವತ್ತಿನ ಹುಡುಗರಿಗೆ ಕೇಬಲ್ ಅಂದರೆ ದಾರ. ನನ್ನ ಮೊದಲ ಬಿಲ್ಲಿನಲ್ಲಿ ಕೇಬಲ್ ಅಂದರೆ ನಿಜವಾದ ಕೇಬಲ್. ಉಕ್ಕಿನದು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಹೆದೆ ಸೇರುವ ತುದಿಯಲ್ಲಿ ಕಣ್ಣೀರ ಹನಿ ಆಕಾರದ ಲೋಹದ ಕೊಕ್ಕೆ, ಅದಕ್ಕೆ ಹೆದೆ ಸಿಕ್ಕಿಸುವುದು. ಟಿಯರ್‌ಡ್ರಾಪ್ ಅಂತಲೇ ಕರೆಯುತ್ತಿದ್ದರು. ಅಮೆರಿಕದಲ್ಲಿದ್ದ ನಮ್ಮ ಭಾವ ತಂದುಕೊಟ್ಟಿದ್ದರು. ಮಿಸೌರಿಯ ಹಾಲ್ಲೆಸ್ ವಿಲ್ಬರ್ ಅಲೆನ್ ಈ ಬಿಲ್ಲಿನ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1966ರಲ್ಲಿ, ಸಿಕ್ಕಿದ್ದು 1969ರ ಕೊನೆಗೆ. ಅಲ್ಲಿಂದ ಬಹಳ ವರ್ಷ ಉಕ್ಕೇ ನಡೆಯಿತು.

ಅದರ ಗುಣ ಒಂದೇ: ಜಗ್ಗುವುದಿಲ್ಲ. ಒಮ್ಮೆ ಹೊಂದಿಸಿದರೆ ಮುಗಿಯಿತು. ಬಿಸಿಲಿಗೆ ಕಾರಲ್ಲಿ ಬಿಟ್ಟರೂ ಅಷ್ಟೇ ಉದ್ದ. ನಿಮ್ಮ ಈಗಿನ ದಾರ ಏಪ್ರಿಲ್‌ನಲ್ಲಿ ಒಂದು ಎಳೆಯುವ ತೂಕ, ಡಿಸೆಂಬರ್‌ನಲ್ಲಿ ಒಂದು ತೂಕ ತೋರಿಸುತ್ತದೆ. ಉಕ್ಕೇ ವಾಸಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪ್ರೆಸ್_ಅಣ್ಣ

ಹಿರಿಯರೇ, ಜಗ್ಗುವುದಿಲ್ಲ ನಿಜ. ಅದರ ಭಾರ? ಬಾಣ ಬಿಟ್ಟಾಗ ಲಿಂಬಿನ ಶಕ್ತಿ ಬಾಣಕ್ಕೂ ಹೋಗಬೇಕು, ಆ ಉಕ್ಕಿಗೂ ಹೋಗಬೇಕು. ಉಕ್ಕು ತಿಂದಷ್ಟೂ ಬಾಣದ ವೇಗ ಕಮ್ಮಿ. ಇನ್ನೊಂದು, ಪ್ಲಾಸ್ಟಿಕ್ ಒಳಗೆ ತಂತಿ ಒಂದೊಂದೇ ಎಳೆ ತುಂಡಾಗುತ್ತಿದ್ದರೂ ಹೊರಗೆ ಕಾಣುವುದಿಲ್ಲ. ದಾರದಲ್ಲಿ ಕನಿಷ್ಠ ನೂಲು ಎದ್ದು ನಿಲ್ಲುತ್ತದೆ, ಗೊತ್ತಾಗುತ್ತದೆ. ಈಗಿನ ಕ್ಯಾಮ್‌ಗಳ ಕಾಲುವೆಯನ್ನು ದಾರಕ್ಕೆ ಅಂತಲೇ ಕೊರೆದಿರುತ್ತಾರೆ. ಅದಕ್ಕೆ ಉಕ್ಕು ಹಾಕಿದರೆ ಕ್ಯಾಮ್ ಹೋಯಿತು ಅಂತಲೇ ಲೆಕ್ಕ.

ಜಗ್ಗುವುದರ ಬಗ್ಗೆ ಹೇಳುವುದಾದರೆ ಅದು ಬರುವುದು ನೂಲಿನಿಂದ. ವಿನ್ಯಾಸವನ್ನು ಬೈದು ಪ್ರಯೋಜನ ಇಲ್ಲ. ಡೈನೀಮಾ ಅನ್ನುವುದು ತುಂಬಾ ಗಟ್ಟಿ, ಹಗುರ, ಆದರೆ ಭಾರ ಹೊತ್ತು ನಿಂತರೆ ನಿಧಾನವಾಗಿ ಉದ್ದವಾಗುತ್ತದೆ. ಶಾಖಕ್ಕೆ ಇನ್ನೂ ಬೇಗ. ವೆಕ್ಟ್ರಾನ್ ಹಾಗೆ ಉದ್ದವಾಗುವುದಿಲ್ಲ, ಆದರೆ ಬಿಸಿಲಿಗೆ ಮತ್ತು ಉಜ್ಜುವಿಕೆಗೆ ಆಗಿಬರುವುದಿಲ್ಲ. 452ಎಕ್ಸ್ ನೂಲಿನಲ್ಲಿ ಮೂರರಲ್ಲಿ ಎರಡು ಪಾಲು ಡೈನೀಮಾ, ಒಂದು ಪಾಲು ವೆಕ್ಟ್ರಾನ್. ನಾನು ಕಟ್ಟುವುದು ಅದರಲ್ಲೇ, 24 ಎಳೆ. ಜಿಗ್ (ಕೇಬಲ್ ಕಟ್ಟುವ ಚೌಕಟ್ಟು) ಮೇಲೆ 300 ಪೌಂಡ್ ಎಳೆದು ಒಂದಷ್ಟು ಹೊತ್ತು ಬಿಟ್ಟು, ಆ ಎಳೆತದಲ್ಲೇ ಸರ್ವಿಂಗ್ ಸುತ್ತುತ್ತೇನೆ. ಜಗ್ಗುವುದು ಅಲ್ಲೇ ಜಗ್ಗಿ ಮುಗಿಯಲಿ ಅಂತ. ಒಳ್ಳೆಯ ಕೇಬಲ್ ಹಾಕಿಸಿಕೊಂಡರೆ ಹಿರಿಯರ ದೂರಿನಲ್ಲಿ ಮುಕ್ಕಾಲು ಕಮ್ಮಿಯಾಗುತ್ತದೆ.

ಹಳೇ_ಉಕ್ಕು

ಮುಕ್ಕಾಲು ಒಪ್ಪಿದೆ. ಕಾಲು ನನ್ನ ಹತ್ತಿರ ಇರಲಿ.

ಎಡಗೈ_ಬಾಣ

ಶೂಟ್-ಥ್ರೂ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಾನು ಒಂದು ವರ್ಷ ಹೊಡೆದಿದ್ದೇನೆ, ಹಾಗಾಗಿ ಹೇಳುತ್ತೇನೆ.

ಸಾಮಾನ್ಯ ಬಿಲ್ಲಿನಲ್ಲಿ ಕೇಬಲ್‌ಗಳು ಬಾಣದ ದಾರಿಗೆ ಅಡ್ಡ ಬರುತ್ತವೆ. ಅದಕ್ಕೆ ಕೇಬಲ್ ಗಾರ್ಡ್ ಹಾಕಿ ಪಕ್ಕಕ್ಕೆ ಎಳೆದು ಇಟ್ಟಿರುತ್ತಾರೆ. ಶೂಟ್-ಥ್ರೂನಲ್ಲಿ ಕೇಬಲ್ ಬಾಣದ ಎಡಕ್ಕೊಂದು ಬಲಕ್ಕೊಂದು ಹೋಗುತ್ತದೆ. ಪಕ್ಕಕ್ಕೆ ಎಳೆಯುವವರೇ ಇಲ್ಲ. ಕೈಯಲ್ಲಿ ಹಿಡಿದಾಗ ನನಗೆ ವ್ಯತ್ಯಾಸ ಗೊತ್ತಾಯಿತು. ಫುಲ್ ಡ್ರಾನಲ್ಲಿ ಬಿಲ್ಲು ತಣ್ಣಗೆ ನಿಲ್ಲುತ್ತಿತ್ತು. ಎಡ ಬಲದ ತಪ್ಪು ಕಮ್ಮಿಯಾಯಿತು. 50 ಮೀಟರ್‌ನಲ್ಲಿ ಹತ್ತರ ವೃತ್ತ 8 ಸೆಂಟಿಮೀಟರ್ ಅಗಲ. ಅಲ್ಲಿ ಇದು ಸಣ್ಣ ಮಾತಲ್ಲ.

ಮತ್ತೆ ಯಾಕೆ ಬಿಟ್ಟೆ? ಬಾಣ ಹಾಕುವುದೇ ಕಿರಿಕಿರಿ. ಸೂಜಿಗೆ ದಾರ ಪೋಣಿಸಿದ ಹಾಗೆ ಕೇಬಲ್‌ಗಳ ನಡುವೆ ಬಾಣ ತೂರಿಸಬೇಕು. ಅಭ್ಯಾಸದಲ್ಲಿ ಪರವಾಗಿಲ್ಲ. ನಾಕ್‌ಔಟ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು ಹೊಡೆಯುವಾಗ ಒಂದು ಬಾಣಕ್ಕೆ 20 ಸೆಕೆಂಡು. ಕೈ ನಡುಗುವಾಗ ಎರಡು ಸೆಕೆಂಡು ಅಲ್ಲೇ ಹೋದರೆ ಎದೆ ಧಸಕ್ ಅನ್ನುತ್ತದೆ. ಇನ್ನೊಂದು, ರೆಕ್ಕೆ. ಬಾಣ ಹೋಗುವ ಹೊತ್ತಿಗೆ ಎರಡೂ ಕಡೆ ಕೇಬಲ್ ಇರುತ್ತದೆ. ನಾಕ್ (ಬಾಣದ ಬಾಲದಲ್ಲಿ ಹೆದೆ ಸಿಕ್ಕಿಸುವ ಸೀಳು) ಸ್ವಲ್ಪ ತಿರುಗಿದ್ದರೂ ರೆಕ್ಕೆ ತಾಗುತ್ತದೆ. ಎತ್ತರದ ರೆಕ್ಕೆ ಹಾಕುವ ಹಾಗೇ ಇಲ್ಲ. ನಿಯಮದಲ್ಲೂ ಒಂದು ಮಾತಿದೆ. ಸೀಳು ಕೇಬಲ್ ಇರಬಹುದು, ಆದರೆ ಅದು ಯಾವಾಗಲೂ ಕೈಗೋ ಮಣಿಕಟ್ಟಿಗೋ ತಾಗುತ್ತಿರಬಾರದು ಅಂತ. ನನಗೆ ತಾಗುತ್ತಿರಲಿಲ್ಲ. ಚಳಿಗೆ ದಪ್ಪ ಸ್ವೆಟರ್ ಹಾಕಿದ ದಿನ ಮಾತ್ರ ತಾಗಿತು. ಆ ದಿನದ ಸ್ಕೋರ್ ಕೇಳಬೇಡಿ.

ಸೆಕೆಂಡ್ ಹ್ಯಾಂಡ್ ಶೂಟ್-ಥ್ರೂ ತಗೊಳ್ಳುವ ಮುಂಚೆ ಅದರ ಕೇಬಲ್ ಸೆಟ್ ಯಾರು ಕಟ್ಟಿಕೊಡುತ್ತಾರೆ ಅಂತ ವಿಚಾರಿಸಿ. ತುಂಡು ಜಾಸ್ತಿ, ಉದ್ದ ಬೇರೆ ಬೇರೆ. ಎರಡು ಕಡೆಯದೂ ಸರಿಸಮ ಇರಬೇಕು. ಇಲ್ಲದಿದ್ದರೆ ಕ್ಯಾಮ್ ಓರೆ ಹೋಗುವುದು ತಪ್ಪಲಿಲ್ಲ.

ಹೊಸಬ_ತುಮಕೂರು

ನನ್ನ ಬಿಲ್ಲಿಗೆ ಶೂಟ್-ಥ್ರೂ ಕೇಬಲ್ ಮಾತ್ರ ಕೊಂಡು ಹಾಕಬಹುದಾ? ಬಿಲ್ಲು ಬದಲಿಸದೆ?

ಎಡಗೈ_ಬಾಣ

ಬೇಡ. ಕ್ಯಾಮ್‌ಗಳನ್ನೇ ಅದಕ್ಕೆ ಅಂತ ಮಾಡಿರುತ್ತಾರೆ. ಕೇಬಲ್ ಕೂರುವ ಜಾಗ ಎರಡೂ ಪಕ್ಕದಲ್ಲಿ ಇರಬೇಕು.

ಲೆಕ್ಕದ_ಮೇಷ್ಟ್ರು

ಕೇಬಲ್ ಗಾರ್ಡ್ ಇದ್ದರೆ ಬಿಲ್ಲು ಕೈಯನ್ನು ತಿರುಗಿಸುತ್ತದೆ ಅನ್ನುವ ಮಾತನ್ನು ಬಿಲ್ಲುಗಾರರ ಬಾಯಲ್ಲಿ ದಿನಾ ಕೇಳುತ್ತೇನೆ. ಎಡಗೈ ಅಕ್ಕ ಹೇಳಿದ ಅನುಭವ ಸುಳ್ಳಲ್ಲ. ಆದರೆ ಅದಕ್ಕೆ ಕೊಡುವ ಕಾರಣ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಬಿಲ್ಲನ್ನು ಮೇಜಿನ ಮೇಲೆ ಇಡಿ. ಗಾರ್ಡ್ ಆಗಲೂ ಕೇಬಲ್‌ಗಳನ್ನು ಪಕ್ಕಕ್ಕೆ ಎಳೆದೇ ಇದೆ. ಬಿಲ್ಲು ತಾನಾಗಿ ಗಿರಗಿರ ತಿರುಗುತ್ತದಾ? ಇಲ್ಲ. ಯಾಕೆಂದರೆ ಗಾರ್ಡ್ ಕೂತಿರುವುದೂ ಅದೇ ಬಿಲ್ಲಿನ ಮೇಲೆ, ಕೇಬಲ್ ಕಟ್ಟಿರುವುದೂ ಅದೇ ಬಿಲ್ಲಿಗೆ. ಮನೆಯೊಳಗಿನ ಜಗಳ ಮನೆಯೊಳಗೇ. ಬಿಲ್ಲಿಗೆ ಹೊರಗಿನಿಂದ ತಾಗುವುದು ಎರಡೇ: ಹಿಡಿಯಲ್ಲಿ ನಿಮ್ಮ ಒಂದು ಕೈ, ಹೆದೆಯಲ್ಲಿ ನಿಮ್ಮ ರಿಲೀಸ್ (ಹೆದೆ ಹಿಡಿದು ಬಿಡುವ ಸಾಧನ). (ಭೂಮಿಯ ಎಳೆತ ಇದೆ, ಅದು ಕೆಳಕ್ಕೆ. ಇಲ್ಲಿ ಬೇಡ.)

ಹಾಗಾದರೆ ಆಗುವುದೇನು? ಒಳಗಿನ ಜಗಳದಲ್ಲಿ ಬಿಲ್ಲೇ ಸೊಟ್ಟಗಾಗುತ್ತದೆ. ರೈಸರ್ (ಬಿಲ್ಲಿನ ನಡುವಿನ ಗಟ್ಟಿ ಭಾಗ) ಒಂಚೂರು ತಿರುಚಿಕೊಳ್ಳುತ್ತದೆ, ಲಿಂಬ್ ತುದಿ ವಾಲುತ್ತದೆ, ಕ್ಯಾಮ್ ಓರೆಯಾಗುತ್ತದೆ. ಹೆದೆ ತಾನು ಇರಬೇಕಾದ ಗೆರೆಯಿಂದ ಪಕ್ಕಕ್ಕೆ ಬರುತ್ತದೆ. ನಿಮ್ಮ ಎರಡು ಕೈ ನಡುವಿನ ಗೆರೆ ಈಗ ಹಿಡಿಯ ನಡುವಿನಲ್ಲಿ ಹಾದುಹೋಗುವುದಿಲ್ಲ. ಆಗ ಕೈಗೆ ತಿರುಗಿಸಿದ ಹಾಗೆ ಅನ್ನಿಸುತ್ತದೆ.

ಎಷ್ಟು ಬಲ ಅಂತ ಒಂದು ಲೆಕ್ಕ ಹಾಕೋಣ. ಕೇಬಲ್‌ನ ಎರಡು ತುದಿ ನಡುವೆ 32 ಇಂಚು ಇದೆ ಅಂದುಕೊಳ್ಳಿ. ನಟ್ಟನಡುವೆ ಗಾರ್ಡ್ ಅದನ್ನು ಒಂದಿಂಚು ಪಕ್ಕಕ್ಕೆ ಎಳೆದಿದೆ. ಕೇಬಲ್‌ನಲ್ಲಿ 100 ಪೌಂಡ್ ಬಿಗಿ ಇದ್ದರೆ ಗಾರ್ಡ್ ಮೇಲೆ ಬೀಳುವ ಪಕ್ಕದ ಬಲ ಸುಮಾರು 12.5 ಪೌಂಡ್. ಇದು ಒಂದು ಕೇಬಲ್‌ಗೆ. 60 ಪೌಂಡ್ ಬಿಲ್ಲನ್ನು 80 ಶೇಕಡಾ ಲೆಟ್-ಆಫ್‌ನಲ್ಲಿ (ಪೂರ್ತಿ ಎಳೆದಾಗ ಭಾರ ಅಷ್ಟು ಕಮ್ಮಿಯಾಗುವುದು) ಹಿಡಿದು ನಿಂತಾಗ ನಿಮ್ಮ ಬೆರಳಿಗೆ ಬರುವುದೂ 12 ಪೌಂಡೇ! ಬಾಣದ ಕಡೆ ನೀವು ಎಳೆಯುವಷ್ಟನ್ನೇ ಗಾರ್ಡ್ ಅಡ್ಡಕ್ಕೆ ಎಳೆಯುತ್ತಿದೆ.

ಬಿಗಿ ಒಂದೇ ಸಮ ಇರುವುದೂ ಇಲ್ಲ. ಎಳೆಯುತ್ತಾ ಹೋದಂತೆ ಹೆದೆ ಕ್ಯಾಮ್‌ನ ದೊಡ್ಡ ಸುತ್ತಿಗೆ ಬರುತ್ತದೆ, ಕೇಬಲ್ ಸಣ್ಣ ಸುತ್ತಿಗೆ ಹೋಗುತ್ತದೆ. ಏತ ಎತ್ತಿದವರಿಗೆ ಇದು ಹೊಸದಲ್ಲ. ಉದ್ದದ ಕಡೆ ಸ್ವಲ್ಪ ಬಲ ಸಾಕು, ಗಿಡ್ಡ ಕಡೆ ತುಂಬಾ ಬೇಕು. ಲೆಟ್-ಆಫ್ ಬರುವುದೇ ಹೀಗೆ. ಹೆದೆ ಹಗುರವಾಗುವ ಹೊತ್ತಿಗೆ ಕೇಬಲ್ ಭಾರವಾಗುತ್ತದೆ. ಹಾಗಾಗಿ ಬಿಲ್ಲು ಸುಮ್ಮನಿರುವಾಗ ಕ್ಯಾಮ್ ನೆಟ್ಟಗೆ ಕಂಡರೆ ಫುಲ್ ಡ್ರಾನಲ್ಲೂ ನೆಟ್ಟಗಿದೆ ಅಂತ ತಿಳಿಯಬೇಡಿ. ನೋಡಬೇಕಾದ್ದು ಎಳೆದಾಗ. ಅಂಗಡಿಯಲ್ಲಿ ಬಾಣವನ್ನು ಕ್ಯಾಮ್ ಪಕ್ಕಕ್ಕೆ ಒತ್ತಿ ಹಿಡಿದು "ನೆಟ್ಟಗಿದೆ ಸಾರ್" ಅನ್ನುತ್ತಾರಲ್ಲ, ಅದರಿಂದ ಅರ್ಧ ಮಾತ್ರ ಗೊತ್ತಾಗುತ್ತದೆ.

ಎಡಗೈ_ಬಾಣ

ಮೇಷ್ಟ್ರೇ, ಶಾಲೆಯಲ್ಲಿ ನೀವು ಸಿಕ್ಕಿದ್ದರೆ ನಾನು ಸೈನ್ಸ್ ತಗೊಳ್ಳುತ್ತಿದ್ದೆ.

ಪ್ರೆಸ್_ಅಣ್ಣ

ಚೆನ್ನಾಗಿ ಹೇಳಿದಿರಿ. ಯೋಕ್‌ಗೆ ಪ್ರೀ-ಲೀನ್ ಕೊಡುವುದು ಇದಕ್ಕೇ. ಸುಮ್ಮನಿರುವಾಗ ಬೇಕಂತಲೇ ಸ್ವಲ್ಪ ಓರೆ ಇಡುತ್ತೇವೆ, ಎಳೆದಾಗ ನೆಟ್ಟಗಾಗಲಿ ಅಂತ. ಕಾರಣ ಇವತ್ತು ಗೊತ್ತಾಯಿತು. ಇಷ್ಟು ದಿನ ಕೈಯಂದಾಜಿನಲ್ಲಿ ಮಾಡುತ್ತಿದ್ದೆ.

ಒಂದು ಎಚ್ಚರಿಕೆ. ಎಲ್ಲ ಯೋಕೂ ಒಂದೇ ಅಲ್ಲ. ಫ್ಲೋಟಿಂಗ್ ಯೋಕ್ ಅಂತ ಇದೆ. ಅದರಲ್ಲಿ ಕವಲು ಒಂದೇ ದಾರ, ಕೇಬಲ್ ಕುಣಿಕೆಯೊಳಗೆ ಜಾರುತ್ತದೆ. ತಕ್ಕಡಿಯ ಹಾಗೆ ಎರಡೂ ಕಡೆ ತಾನೇ ಸಮ ಮಾಡಿಕೊಳ್ಳುತ್ತದೆ. ಒಂದು ಕಾಲಿಗೆ ತಿರುಚು ಹಾಕಿದರೆ ಸುಮ್ಮನೆ ಜಾರಿ ಆಚೆ ಹೋಗುತ್ತದೆ. ಒಬ್ಬರು ಇಡೀ ಭಾನುವಾರ ತಿರುಚಿ ತಿರುಚಿ ಆಮೇಲೆ ನನಗೆ ಫೋನ್ ಮಾಡಿದರು. ನಿಮ್ಮದು ಯಾವುದು ಅಂತ ಫೋಟೋ ಹಾಕಿ.

ಉಡುಪಿ_ಕಡಲು

ಎಲ್ಲರೂ ಕ್ಯಾಮ್ ಬಗ್ಗೆ ಹೇಳುತ್ತಿದ್ದೀರಿ. ಅವರ ಎಳೆ ತುಂಡಾಗಿರುವುದು ರೋಲರ್ ಹತ್ತಿರ ಅಲ್ಲವಾ? ಅದನ್ನು ಯಾರಾದರೂ ನೋಡಿದಿರಾ?

ನಮ್ಮ ಕಡೆ ಉಪ್ಪುಗಾಳಿ. ರೋಲರ್ ಗಾರ್ಡ್‌ನ ಸಣ್ಣ ಚಕ್ರಗಳ ಬೇರಿಂಗ್ ಜಾಮ್ ಆಗುತ್ತದೆ. ಚಕ್ರ ತಿರುಗದಿದ್ದರೆ ಕೇಬಲ್ ಅದರ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಬಾವಿಯ ಗಡಗಡೆ ನಿಂತರೆ ಹಗ್ಗ ಸವೆಯುವ ಹಾಗೆ. ಬೈನರಿ ಹಾಕಿ, ಹೈಬ್ರಿಡ್ ಹಾಕಿ, ಅಲ್ಲೇ ಕಡಿಯುತ್ತದೆ. ನಾನು ರೋಲರ್ ತೆಗೆದು ಹಳೇ ಕಾಲದ ಸರಳು ಮತ್ತು ಪ್ಲಾಸ್ಟಿಕ್ ಸ್ಲೈಡ್‌ಗೆ ವಾಪಸ್ ಬಂದೆ. ಸ್ವಲ್ಪ ಉಜ್ಜುತ್ತದೆ, ಎಳೆಯುವಾಗ ಗೊತ್ತಾಗುತ್ತದೆ. ಆದರೆ ಸ್ಲೈಡ್ ಬಲು ಅಗ್ಗ. ಸವೆದರೆ ಎಸೆದು ಹೊಸದು.

ಮಿಶಿಗನ್_ಮಲ್ನಾಡಿಗ

ಬಾಗುವ ಗಾರ್ಡೂ ಇದೆಯಲ್ಲ. ಎಳೆದಾಗ ಕೇಬಲ್ ಬಿಗಿಗೆ ಗಾರ್ಡ್ ನಡುವಿನ ಕಡೆ ಬಾಗುತ್ತದೆ. ಮೇಷ್ಟ್ರ ಒಂದಿಂಚು ಅರ್ಧ ಇಂಚಾಗುತ್ತದೆ. ಬಾಣ ಬಿಟ್ಟಾಗ ವಾಪಸ್ ಹೋಗಿ ರೆಕ್ಕೆಗೆ ಜಾಗ ಬಿಡುತ್ತದೆ. ಶೂಟ್-ಥ್ರೂನ ಗುಣದಲ್ಲಿ ಒಂದಿಷ್ಟು ಸಿಗುತ್ತದೆ, ಸೂಜಿಗೆ ದಾರ ಪೋಣಿಸುವ ಕೆಲಸ ಇಲ್ಲ.

ಇತಿಹಾಸದ ಒಂದು ತುಣುಕು, ನಮ್ಮ ರಾಜ್ಯದ ಹೆಮ್ಮೆಗೆ. ದಾವಣಗೆರೆಯವರ ಹೈಬ್ರಿಡ್ ಕ್ಯಾಮ್‌ನ ಮೂಲ ಇಲ್ಲಿನ ಹೇಲ್ ಅನ್ನುವ ಪುಟ್ಟ ಊರಿನ ಡಾರ್ಟನ್ ಕಂಪನಿ. ರೆಕ್ಸ್ ಡಾರ್ಲಿಂಗ್ಟನ್ ಅವರ ಕೆಲಸ. ಹೊಯ್ಟ್ ಕಂಪನಿ 2003ರಲ್ಲಿ ಕ್ಯಾಮ್ ಆ್ಯಂಡ್ ಹಾಫ್ ಅಂತ ತಂದ ಮೇಲೆ ಎಲ್ಲರ ಕೈಗೂ ಬಂತು. ಅದಕ್ಕೂ ಹಿಂದೆ ಒಂದೇ ಕ್ಯಾಮ್‌ನ ಬಿಲ್ಲು. 1992ರ ಸುಮಾರಿಗೆ ಮ್ಯಾಥ್ಯೂಸ್‌ನ ಮ್ಯಾಟ್ ಮ್ಯಾಕ್‌ಫರ್ಸನ್ ತಂದದ್ದು. ಮೇಲೆ ಬರೀ ಚಕ್ರ, ಕೆಳಗೆ ಕ್ಯಾಮ್. ಹೊಂದಿಸಲು ಎರಡನೇ ಕ್ಯಾಮೇ ಇಲ್ಲದ ಮೇಲೆ ಟೈಮಿಂಗ್ ಜಗಳವೇ ಇಲ್ಲ. ಆದರೆ ಹೆದೆ ಉದ್ದ ಜಾಸ್ತಿ, ಹಾಗಾಗಿ ಜಗ್ಗುವುದೂ ಜಾಸ್ತಿ. ಪೀಪ್ (ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ತೂತಿನ ತುಂಡು) ತಿರುಗಿಕೊಂಡು ಕಣ್ಣಿಗೆ ತೂತೇ ಸಿಗುತ್ತಿರಲಿಲ್ಲ. ನನ್ನ ಮೊದಲ ಬಿಲ್ಲು ಅದು.

ಹೊಸಬ_ತುಮಕೂರು

ಈಗ ಕಾಂಪೌಂಡ್ ಒಲಿಂಪಿಕ್ಸ್‌ಗೂ ಬಂತಲ್ಲ, 2028ಕ್ಕೆ ಮಿಶ್ರ ತಂಡ. ದೊಡ್ಡ ಆಟಗಾರರು ಯಾವ ಕೇಬಲ್ ಹಾಕುತ್ತಾರೆ? ಅದನ್ನೇ ತಗೊಂಡರೆ ಆಯಿತಲ್ಲ?

ಎಡಗೈ_ಬಾಣ

2023ರಲ್ಲಿ ಬರ್ಲಿನ್‌ನಲ್ಲಿ ಅದಿತಿ ಸ್ವಾಮಿ, ಓಜಸ್ ದೇವತಳೆ ಇಬ್ಬರೂ ವಿಶ್ವ ಚಾಂಪಿಯನ್ ಆದಾಗ ನಮ್ಮ ರೇಂಜ್‌ನಲ್ಲೂ ಇದೇ ಪ್ರಶ್ನೆ. ಅವರ ಬಿಲ್ಲಿನ ಬಣ್ಣ ಯಾವುದು ಅಂತ ಕೇಳಿದವರೂ ಇದ್ದರು. ತಮ್ಮಾ, ಆ ಮಟ್ಟದವರ ಬಿಲ್ಲಿನ ಹಿಂದೆ ಕೋಚ್, ಟ್ಯೂನಿಂಗ್ ಮಾಡುವವರು, ಇನ್ನೊಂದು ಅಂಥದ್ದೇ ಬಿಲ್ಲು ಎಲ್ಲ ಇರುತ್ತದೆ. ನಿನ್ನ ಹಿಂದೆ ಯಾರಿದ್ದಾರೆ?

ಹೊಸಬ_ತುಮಕೂರು

ಅಮ್ಮ ಇದ್ದಾರೆ. ಬಿಲ್ಲು ಮಾರು ಅಂತಾರೆ.

ದಾವಣಗೆರೆ_60ಪೌಂಡ್

ಹದಿನೈದು ದಿನ ಆಯಿತು, ಬರೆಯಲು ಆಗಲಿಲ್ಲ. ಆದದ್ದು ಹೇಳುತ್ತೇನೆ.

ಉಡುಪಿಯವರು ಹೇಳಿದ ಮೇಲೆ ರೋಲರ್ ಬೆರಳಲ್ಲಿ ತಿರುಗಿಸಿ ನೋಡಿದೆ. ಎರಡು ಚಕ್ರದಲ್ಲಿ ಒಂದು ಅಲುಗಾಡಲಿಲ್ಲ. ನಮ್ಮ ರೇಂಜ್ ಕೆಂಪು ಮಣ್ಣಿನದು, ಬೇಸಿಗೆಯಲ್ಲಿ ಧೂಳು. ಮಣ್ಣು ಬೇರಿಂಗ್ ಒಳಗೆ ಹೋಗಿ ಗಟ್ಟಿಯಾಗಿದೆ. ಚಕ್ರದ ಕಾಲುವೆಯಲ್ಲಿ ಒಂದು ಕಡೆ ಮಾತ್ರ ಸವೆದು ಅಂಚು ಬ್ಲೇಡಿನ ಹಾಗಾಗಿತ್ತು. ತುಂಡಾದ ಎಳೆಗಳು ಸರಿಯಾಗಿ ಅದರ ಎದುರಿಗೆ. ನಾನು ಮೂರು ವರ್ಷದಲ್ಲಿ ಆ ಚಕ್ರ ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ.

ಬಿಲ್ಲು ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ, ಪ್ರೆಸ್ ಅಣ್ಣನ ಮನೆಗೆ ಹೋದೆ. ಬಸ್ಸಲ್ಲಿ ಕಂಡಕ್ಟರ್ ಕೇಸ್ ನೋಡಿ "ಗಿಟಾರಾ?" ಅಂದರು. ಹೂಂ ಅಂದೆ. ಬಿಲ್ಲು ಅಂದಿದ್ದರೆ ರಾತ್ರಿಯಿಡೀ ರಾಮಾಯಣ ಆಗುತ್ತಿತ್ತು.

ಅಣ್ಣ ಮೊದಲೇ ಕೇಬಲ್ ಸೆಟ್ ಕಟ್ಟಿಟ್ಟಿದ್ದರು. ಹಳೆಯದನ್ನು ತೆಗೆದು ಹೊಸದರ ಪಕ್ಕ ಇಟ್ಟು ನೋಡಿದರೆ ಯೋಕ್ ಇರುವ ಹಳೇ ಕೇಬಲ್ ಕಣ್ಣಿಗೆ ಕಾಣುವಷ್ಟು ಉದ್ದವಾಗಿತ್ತು. ಯೋಕ್ ಕವಲುಗಳೂ ಸಮ ಇರಲಿಲ್ಲ. ಎಡದ್ದು ಉದ್ದ, ಬಲದ್ದು ಗಿಡ್ಡ. ಬಾಲ ಎಡಕ್ಕೆ ಹೋಗುತ್ತಿದ್ದುದು ಅಲ್ಲಿಂದಲೇ. ಹೊಸದು ಹಾಕಿ, ಇನ್ನೂರು ಬಾಣ ಹೊಡೆದು ಕೂರಿಸಿ, ಮರುದಿನ ಮತ್ತೆ ಪ್ರೆಸ್‌ಗೆ ಹಾಕಿದರು. ಎಡಕ್ಕೆ ಒಂದೂವರೆ ಸುತ್ತು ಸೇರಿಸಿ, ಬಲದಿಂದ ಅಷ್ಟೇ ಬಿಚ್ಚಿದರು. ಈಗ ಬರೀ ಬಾಣವೂ ರೆಕ್ಕೆ ಬಾಣವೂ 20 ಮೀಟರ್‌ನಲ್ಲಿ ಒಂದೇ ಕಡೆ.

ಎಳೆಯುವ ತೂಕವೂ ನೋಡಿದರು. ಹಳೇ ಕೇಬಲ್‌ನಲ್ಲಿ 56 ಪೌಂಡ್ ತೋರಿಸಿತ್ತು. ನಾನು ಇಷ್ಟು ದಿನ 60 ಅಂತ ಬೀಗುತ್ತಿದ್ದೆ. ಹೊಸದರಲ್ಲಿ 60 ದಾಟಿತು. ಸ್ಪರ್ಧೆಗೆ 60ರ ಮೇಲೆ ಇರುವ ಹಾಗಿಲ್ಲ, ಹಾಗಾಗಿ ಲಿಂಬ್ ಬೋಲ್ಟ್ ಎರಡೂ ಸಮವಾಗಿ ಸ್ವಲ್ಪ ಸಡಿಲ ಮಾಡಿ 58ಕ್ಕೆ ನಿಲ್ಲಿಸಿದ್ದಾರೆ.

ಬೈನರಿ ತಗೊಳ್ಳುತ್ತಿಲ್ಲ. ಶೂಟ್-ಥ್ರೂದವರಿಗೂ ಬೇಡ ಅಂದೆ.

ಹಳೇ_ಉಕ್ಕು

56 ಪೌಂಡಾ? ಉಕ್ಕಿನದಾಗಿದ್ದರೆ 60ರಲ್ಲೇ ಇರುತ್ತಿತ್ತು. ಸುಮ್ನೆ ಹೇಳಿದೆ.

ಮಿಶಿಗನ್_ಮಲ್ನಾಡಿಗ

ಪ್ರೆಸ್ ಅಣ್ಣ, ನಿಮ್ಮ ಪ್ರಶ್ನೆ ತಲೆಯಲ್ಲೇ ಕೊರೆಯುತ್ತಿತ್ತು. ನಿನ್ನೆ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿ ಎಳೆದೆ. ಮೇಲಿನ ಸ್ಟಾಪ್ ಮೊದಲು ತಾಗುತ್ತದಂತೆ, ಕೆಳಗಿನದಕ್ಕೆ ಇನ್ನೂ ಒಂದು ಅಕ್ಕಿಕಾಳಿನಷ್ಟು ಜಾಗ ಇತ್ತಂತೆ. ಅಂಗಡಿಗೆ ಶನಿವಾರ ಹೋಗುತ್ತೇನೆ.

ಪ್ರೆಸ್_ಅಣ್ಣ

😄 ಐದು ಸೀಸನ್!

ದಾವಣಗೆರೆ, ಆ ರೋಲರ್ ಚಕ್ರ ಇನ್ನೂ ಹಳೆಯದೇ ಇದೆ, ಅಂಚು ಉಜ್ಜಿ ಬೇರಿಂಗ್ ತೊಳೆದು ಹಾಕಿದ್ದೇನೆ ಅಷ್ಟೇ. ಹೊಸದು ಬರುವವರೆಗೆ ಪ್ರತಿ ವಾರ ಬೆರಳಲ್ಲಿ ತಿರುಗಿಸಿ ನೋಡಿ. ಮತ್ತೆ ನಿಮ್ಮ ಅಲೆನ್ ಕೀ ಸೆಟ್ ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗಿದ್ದೀರಿ.

ಹೊಸಬ_ತುಮಕೂರು

ಅಣ್ಣ, ನನ್ನ ರೋಲರ್ ಚಕ್ರ ಈಗ ತಿರುಗಿಸಿ ನೋಡಿದೆ. ಒಂದು ಕರಕರ ಅನ್ನುತ್ತಿದೆ. ನಿಮ್ಮ ಮನೆ ಬೆಂಗಳೂರಲ್ಲಿ ಎಲ್ಲಿ ಬರುತ್ತದೆ? ಮೆಸೇಜ್ ಮಾಡಿದ್ದೇನೆ, ನೋಡಿ.